ಮೇಡಂ ಕ್ಯೂರಿ: ದುಡಿಮೆ ಯಾರದು, ಹೆಸರು ಯಾರದು?

ಮೇಡಂ ಕ್ಯೂರಿಯವರ ಹೆಸರನ್ನು ಕೇಳದ ವಾಚಕರು ನಮ್ಮಲ್ಲಿ ವಿರಳ. ರೇಡಿಯಂ ಎಂಬ ಧಾತುವನ್ನು ಕಂಡುಹಿಡಿದ ಮಹಿಳೆ, ಎರಡು ಬಾರಿ ನೊಬೆಲ್ ಪಾರಿತೋಷಕಕ್ಕೆ ಪಾತ್ರರಾದ ವಿಜ್ಞಾನಿ ಎಂದು ಪಾಠಪುಸ್ತಕಗಳಲ್ಲಿ ನಾವೆಲ್ಲರೂ ಓದಿರುವೆವು. ಇಷ್ಟನ್ನೇ ಓದಿದವರಿಗೆ ಲೋಕವು ಆಕೆಯನ್ನು ಮೊದಲಿನಿಂದಲೂ ತಲೆಯ ಮೇಲೆ ಹೊತ್ತು ಮೆರೆಸಿತೆಂದು ತೋರುವುದು ಸಹಜ. ನಿಜಸ್ಥಿತಿ ಹಾಗಿರಲಿಲ್ಲ. ಮೊದಲನೆಯ ಪಾರಿತೋಷಕಕ್ಕಾಗಿ ಫ್ರಾನ್ಸಿನ ಪಂಡಿತರು ಬರೆದ ಶಿಫಾರಸು ಪತ್ರದಲ್ಲಿ ಆಕೆಯ ಹೆಸರೇ ಇರಲಿಲ್ಲ. ಎರಡನೆಯದನ್ನು ಸ್ವೀಕರಿಸಲು ಬಾರದಿರುವುದೇ ಲೇಸೆಂದು ಆಕೆಗೆ ಕಾಗದ ಬಂದಿತ್ತು. ತಕ್ಕಡಿ ಹಿಡಿದವರು ದುಡಿಮೆಯನ್ನು ತೂಗುವರೋ, ದುಡಿದವರು ಗಂಡೋ ಹೆಣ್ಣೋ ಎಂಬುದನ್ನು ತೂಗುವರೋ ಎಂಬ ಪ್ರಶ್ನೆ ಆಕೆಯ ಬಾಳಿನುದ್ದಕ್ಕೂ ಹಾದುಹೋಗಿದೆ. ಆ ಪ್ರಶ್ನೆ ಇಂದಿಗೂ ತೀರಿಲ್ಲವಾದುದರಿಂದ, ಆಕೆಯ ಚರಿತ್ರೆಯನ್ನು ಆ ದೃಷ್ಟಿಯಿಂದಲೇ ವಾಚಕರ ಮುಂದಿಡಲು ನಾವು ಇಚ್ಛಿಸಿದ್ದೇವೆ.

ಪರರ ಆಳಿಕೆಯಲ್ಲಿ ಬಾಲ್ಯ

ಆಕೆಯ ತವರಿನ ಹೆಸರು ಮರಿಯಾ ಸ್ಕ್ಲೊಡೊವ್ಸ್ಕಾ. ಹುಟ್ಟಿದ್ದು ಪೋಲೆಂಡಿನ ವಾರ್ಸಾ ನಗರದಲ್ಲಿ, ೧೮೬೭ನೆಯ ಇಸವಿ ನವೆಂಬರ್ ೭ರಂದು. ಆಗ ಆ ನಗರವು ರಷ್ಯದ ಚಕ್ರವರ್ತಿಯ ಆಳಿಕೆಗೆ ಒಳಪಟ್ಟಿದ್ದಿತು. ಶಾಲೆಗಳಲ್ಲಿ ರಷ್ಯನ್ ಭಾಷೆಯೇ ನಡೆಯಬೇಕು. ಪೋಲಿಷ್ ಮಕ್ಕಳು ತಮ್ಮ ತಾಯ್ನುಡಿಯನ್ನು ಕದ್ದುಮುಚ್ಚಿ ಕಲಿಯಬೇಕಾದ ಕಾಲವದು. ತಂದೆ ಭೌತಶಾಸ್ತ್ರ ಮತ್ತು ಗಣಿತಗಳ ಉಪಾಧ್ಯಾಯರು; ದೇಶಾಭಿಮಾನಿಗಳೆಂಬ ಕಾರಣದಿಂದ ಮೇಲಧಿಕಾರಿಗಳ ಅವಕೃಪೆಗೆ ಗುರಿಯಾಗಿ ಹುದ್ದೆಯನ್ನು ಕಳೆದುಕೊಂಡರು. ಸಂಸಾರದ ಖರ್ಚು ಸಾಗಿಸಲು ಮನೆಯಲ್ಲಿ ವಿದ್ಯಾರ್ಥಿಗಳನ್ನು ಊಟವಸತಿಗೆ ಇರಿಸಿಕೊಳ್ಳಬೇಕಾಯಿತು. ತಾಯಿ ಹೆಣ್ಣುಮಕ್ಕಳ ಶಾಲೆಯೊಂದನ್ನು ನಡೆಸಿದ್ದವರು. ಮರಿಯಾಗೆ ಹತ್ತು ವರ್ಷವಾಗಿದ್ದಾಗ, ೧೮೭೮ರಲ್ಲಿ, ಕ್ಷಯರೋಗದಿಂದ ತೀರಿಕೊಂಡರು.

೧೮೮೩ರಲ್ಲಿ ಮರಿಯಾ ಶಾಲೆಯ ವ್ಯಾಸಂಗವನ್ನು ಮುಗಿಸಿ ಸುವರ್ಣಪದಕವನ್ನು ಪಡೆದರು. ಆದರೆ ಮುಂದೆ ಓದುವ ದಾರಿಯೇ ಇರಲಿಲ್ಲ. ವಾರ್ಸಾ ವಿಶ್ವವಿದ್ಯಾನಿಲಯದ ಬಾಗಿಲು ಹೆಂಗಸರಿಗೆ ಮುಚ್ಚಿತ್ತು. ಓದುವ ಹಂಬಲವುಳ್ಳವರು ಒಂದು ದಿನ ಒಬ್ಬರ ಮನೆಯಲ್ಲಿ, ಇನ್ನೊಂದು ದಿನ ಮತ್ತೊಬ್ಬರ ಮನೆಯಲ್ಲಿ ಗುಟ್ಟಾಗಿ ಕೂಡಿ ಪಾಠ ಹೇಳಿಸಿಕೊಳ್ಳುತ್ತಿದ್ದರು. ಹೀಗೆ ಮನೆಯಿಂದ ಮನೆಗೆ ಹಾರುತ್ತಿದ್ದ ಕಾರಣ ಅದಕ್ಕೆ ಹಾರುವ ವಿಶ್ವವಿದ್ಯಾನಿಲಯವೆಂದೇ ಹೆಸರು ಬಿದ್ದಿತ್ತು. ಮರಿಯಾ ಮತ್ತು ಆಕೆಯ ಅಕ್ಕ ಬ್ರೋನಿಯಾ ಇಬ್ಬರೂ ಅಲ್ಲಿ ಓದಿದರು.

ಅಕ್ಕನಿಗೆ ಪ್ಯಾರಿಸ್ಸಿಗೆ ಹೋಗಿ ವೈದ್ಯಶಾಸ್ತ್ರವನ್ನು ಓದುವ ಆಸೆ, ಕೈಯಲ್ಲಿ ಕಾಸಿಲ್ಲ. ಆಗ ಅಕ್ಕತಂಗಿಯರು ಒಂದು ಕರಾರು ಮಾಡಿಕೊಂಡರು. ತಂಗಿ ದುಡಿದು ಅಕ್ಕನನ್ನು ಓದಿಸುವುದು. ಅಕ್ಕ ವೈದ್ಯೆಯಾದ ಮೇಲೆ ತಂಗಿಯನ್ನು ಕರೆಸಿಕೊಂಡು ಓದಿಸುವುದು. ಅದರಂತೆ ಮರಿಯಾ ದೂರದ ಹಳ್ಳಿಯೊಂದರ ಸ್ಥಿತಿವಂತರ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ಕೆಲಸಕ್ಕೆ ಸೇರಿದರು. ಬಿಡುವಿನ ವೇಳೆಯಲ್ಲಿ ರೈತರ ಮಕ್ಕಳನ್ನು ಕೂಡಿಸಿ ಪೋಲಿಷ್ ಅಕ್ಷರಗಳನ್ನು ಕಲಿಸಿದರು. ಸರಕಾರಕ್ಕೆ ತಿಳಿದಿದ್ದರೆ ಅದು ದಂಡನೆಗೆ ಗುರಿಯಾಗುವ ಕಾರ್ಯ. ಆ ಮನೆಯ ಹಿರಿಯ ಮಗನು ಆಕೆಯನ್ನು ಮೆಚ್ಚಿ ವಿವಾಹವಾಗಬಯಸಿದಾಗ, ಸಂಬಳಕ್ಕಿರುವ ಬಡ ಹುಡುಗಿಯೆಂದು ತಂದೆತಾಯಿಗಳು ಒಪ್ಪಲಿಲ್ಲ. ಅಷ್ಟಾದರೂ ಅಕ್ಕನಿಗೆ ಹಣ ಕಳುಹಿಸಬೇಕಾದುದರಿಂದ ಮರಿಯಾ ಅದೇ ಮನೆಯಲ್ಲಿ, ಅದೇ ಜನರ ನಡುವೆ, ತುಟಿ ಬಿಗಿಹಿಡಿದು ದುಡಿದರು. ಊರಿಗೆ ಹಣ ಕಳುಹಿಸಿ ತಮ್ಮಂದಿರನ್ನೂ ತಂಗಿಯರನ್ನೂ ದಡ ಸೇರಿಸಿದ ನಮ್ಮ ವಾಚಕರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಪ್ಯಾರಿಸ್ಸಿನಲ್ಲಿ

೧೮೯೧ರಲ್ಲಿ, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಮರಿಯಾ ಪ್ಯಾರಿಸ್ಸಿಗೆ ಹೋಗಿ ಸೊರ್ಬಾನ್ ವಿಶ್ವವಿದ್ಯಾನಿಲಯವನ್ನು ಸೇರಿದರು. ಫ್ರೆಂಚರ ನಾಲಿಗೆಗೆ ಒಗ್ಗುವಂತೆ ಹೆಸರು ಮೇರಿ ಎಂದಾಯಿತು. ಕೆಲವು ತಿಂಗಳು ಅಕ್ಕನ ಮನೆಯಲ್ಲಿದ್ದು, ಆಮೇಲೆ ವಿಶ್ವವಿದ್ಯಾನಿಲಯದ ಸಮೀಪದಲ್ಲಿ ಅಟ್ಟದ ಕೋಣೆಯೊಂದನ್ನು ಬಾಡಿಗೆಗೆ ಹಿಡಿದರು. ಚಳಿಗಾಲದಲ್ಲಿ ಪಾತ್ರೆಯ ನೀರು ಹೆಪ್ಪುಗಟ್ಟುತ್ತಿತ್ತು. ಇದ್ದ ಬಟ್ಟೆಗಳನ್ನೆಲ್ಲ ಹೊದಿಕೆಯ ಮೇಲೆ ಹೇರಿಕೊಂಡು ಮಲಗುತ್ತಿದ್ದರು. ೧೮೯೩ರಲ್ಲಿ ಭೌತಶಾಸ್ತ್ರದ ಪರೀಕ್ಷೆಯಲ್ಲಿ ಮೊದಲನೆಯವರಾಗಿಯೂ, ೧೮೯೪ರಲ್ಲಿ ಗಣಿತದ ಪರೀಕ್ಷೆಯಲ್ಲಿ ಎರಡನೆಯವರಾಗಿಯೂ ತೇರ್ಗಡೆಯಾದರು.

ಈ ಎರಡನೆಯ ಪರೀಕ್ಷೆಗೆ ಓದಲು ಸಾಧ್ಯವಾದದ್ದು ಪೋಲೆಂಡಿನಿಂದ ದೊರೆತ ೬೦೦ ರೂಬಲ್ಲುಗಳ ವಿದ್ಯಾರ್ಥಿವೇತನದಿಂದ. ಮುಂದೆ ತಮ್ಮ ಸಂಪಾದನೆ ಆರಂಭವಾದೊಡನೆ ಮೇರಿಯವರು ಆ ಹಣವನ್ನು ಹಿಂದಿರುಗಿಸಿದರು. ಹಿಂದಿರುಗಿಸಬೇಕೆಂಬ ನಿಯಮವಿರಲಿಲ್ಲ. ತಮ್ಮಂತಹ ಇನ್ನೊಬ್ಬ ವಿದ್ಯಾರ್ಥಿಗೆ ಅದು ಸಲ್ಲಲೆಂಬುದೇ ಅವರ ಇಚ್ಛೆ. ಕೊಟ್ಟ ಹಣವು ಎಷ್ಟು ಜನರ ಬಾಳನ್ನು ಎತ್ತಬಲ್ಲುದೆಂಬುದು ಬಡತನದಲ್ಲಿ ಓದಿದವರಿಗೆ ಗೊತ್ತು.

೧೮೯೪ರಲ್ಲಿಯೇ ಉಕ್ಕಿನ ಅಯಸ್ಕಾಂತ ಗುಣಗಳನ್ನು ಕುರಿತು ಸಂಶೋಧನೆ ನಡೆಸುವ ಕೆಲಸ ಅವರಿಗೆ ದೊರೆಯಿತು. ಅದಕ್ಕೆ ಸ್ಥಳವನ್ನು ಹುಡುಕುತ್ತಿದ್ದಾಗ ಪಿಯೆರ್ ಕ್ಯೂರಿ ಎಂಬ ಭೌತವಿಜ್ಞಾನಿಯ ಪರಿಚಯವಾಗಿ, ೧೮೯೫ರ ಜುಲೈ ೨೬ರಂದು ಇಬ್ಬರ ವಿವಾಹವಾಯಿತು. ಮದುವೆಗೆ ಮೇರಿಯವರು ಧರಿಸಿದ್ದು ಕಡುನೀಲಿಯ ಸಾದಾ ಉಡುಪು. ಮುಂದೆ ಪ್ರಯೋಗಶಾಲೆಯ ಕೆಲಸಕ್ಕೂ ಅದೇ ಆಯಿತು. ೧೮೯೭ರಲ್ಲಿ ಹಿರಿಯ ಮಗಳು ಐರೀನ್ ಹುಟ್ಟಿದಳು.

ಗುಡಿಸಲಿನಲ್ಲಿ ಬೇಯಿಸಿದ ರೇಡಿಯಂ

೧೮೯೬ರಲ್ಲಿ ಅನ್ರಿ ಬೆಕೆರೆಲ್ ಎಂಬ ಫ್ರೆಂಚ್ ವಿಜ್ಞಾನಿಯು ಯುರೇನಿಯಂ ಲವಣಗಳಿಂದ ಕಣ್ಣಿಗೆ ಕಾಣದ ಕಿರಣಗಳು ಹೊರಡುವುದನ್ನು ಕಂಡಿದ್ದರು. ಇತರರು ಅದನ್ನು ಅಷ್ಟಾಗಿ ಲಕ್ಷಿಸಲಿಲ್ಲ. ಮೇರಿಯವರು ತಮ್ಮ ಡಾಕ್ಟರೇಟ್ ಪದವಿಯ ಸಂಶೋಧನೆಗೆ ಅದನ್ನೇ ಆರಿಸಿಕೊಂಡರು. ಪಿಯೆರ್ ಮತ್ತು ಅವರ ಅಣ್ಣ ಹಿಂದೆ ನಿರ್ಮಿಸಿದ್ದ ಸೂಕ್ಷ್ಮ ವಿದ್ಯುನ್ಮಾಪಕದಿಂದ ಒಂದೊಂದೇ ಪದಾರ್ಥವನ್ನು ಅಳೆಯುತ್ತ ಹೋದಾಗ, ಪಿಚ್‌ಬ್ಲೆಂಡ್ ಎಂಬ ಅದಿರಿನಲ್ಲಿ ಅದರೊಳಗಿನ ಯುರೇನಿಯಮ್ಮಿನ ಲೆಕ್ಕಕ್ಕಿಂತ ಬಹಳ ಹೆಚ್ಚಿನ ಕಿರಣಶಕ್ತಿ ಕಂಡುಬಂದಿತು. ಲೆಕ್ಕ ತಾಳೆಯಾಗದಿದ್ದರೆ ಎಲ್ಲಿಯೋ ಪುಸ್ತಕದಲ್ಲಿ ಬರೆಯದ ಜಮೆಯಿರಬೇಕೆಂಬುದು ಗುಮಾಸ್ತೆ ಬಂಧುಗಳಿಗೆ ತಿಳಿದ ವಿಷಯ. ಮೇರಿಯವರೂ ಹಾಗೆಯೇ ತರ್ಕಿಸಿ, ಆ ಅದಿರಿನಲ್ಲಿ ಇದುವರೆಗೆ ಯಾರೂ ಅರಿಯದ ಧಾತುವೊಂದಿರಬೇಕೆಂದು ನಿಶ್ಚಯಿಸಿದರು. ೧೮೯೮ರ ಏಪ್ರಿಲ್ ೧೨ರಂದು ಆ ಲೇಖನವನ್ನು ವಿಜ್ಞಾನ ಅಕಾಡೆಮಿಯ ಮುಂದಿಡಲಾಯಿತು. ದಂಪತಿಗಳಿಬ್ಬರೂ ಆಗ ಸದಸ್ಯರಲ್ಲದ ಕಾರಣ ಅದನ್ನು ಮಂಡಿಸಿದವರು ಆಕೆಯ ಗುರುಗಳಾದ ಲಿಪ್‌ಮನ್ನರು.

ಇಷ್ಟರ ಮೇಲೆ ಪಿಯೆರ್ ಅವರೂ ತಮ್ಮ ಕೆಲಸವನ್ನು ಬದಿಗಿಟ್ಟು ಪತ್ನಿಯ ಸಂಶೋಧನೆಯಲ್ಲಿ ಕೈಗೂಡಿಸಿದರು. ಅದೇ ವರ್ಷ ಜುಲೈಯಲ್ಲಿ ಒಂದು ಹೊಸ ಧಾತು, ಡಿಸೆಂಬರಿನಲ್ಲಿ ಇನ್ನೊಂದು ಪ್ರಕಟವಾದವು. ಮೊದಲನೆಯದಕ್ಕೆ ಮೇರಿಯವರು, ಭೂಪಟದಲ್ಲಿ ಸ್ವತಂತ್ರ ರಾಷ್ಟ್ರವಾಗಿ ಉಳಿದಿಲ್ಲದ ತಮ್ಮ ತಾಯ್ನಾಡಿನ ನೆನಪಿಗಾಗಿ, ಪೊಲೋನಿಯಂ ಎಂದು ಹೆಸರಿಟ್ಟರು. ಎರಡನೆಯದೇ ರೇಡಿಯಂ. ಆ ವರ್ಷ ಅಕಾಡೆಮಿಯು ಮೇರಿಯವರಿಗೆ ೩,೮೦೦ ಫ್ರಾಂಕುಗಳ ಬಹುಮಾನವನ್ನೂ ಕೊಟ್ಟಿತು. ಬಹುಮಾನ ಹೆಂಡತಿಗೆ, ಆ ಸುದ್ದಿಯ ಕಾಗದ ಮಾತ್ರ ಬಂದದ್ದು ಗಂಡನ ಹೆಸರಿಗೆ!

ಹೊಸ ಧಾತುವಿದೆಯೆಂದರೆ ಸಾಲದು, ಕಣ್ಣಿಗೆ ತೋರಿಸಬೇಕೆಂದು ರಸಾಯನಶಾಸ್ತ್ರಜ್ಞರು ಕೇಳಿದರು. ಅದಕ್ಕಾಗಿ ಬೊಹೀಮಿಯದ ಗಣಿಯಿಂದ ಟನ್ನುಗಟ್ಟಲೆ ಅದಿರಿನ ಗಸಿಯನ್ನು ತರಿಸಬೇಕಾಯಿತು. ಪಿಯೆರ್ ಅವರು ಪಾಠ ಹೇಳುತ್ತಿದ್ದ ಶಾಲೆಯವರು ಬಿಟ್ಟುಕೊಟ್ಟದ್ದು ಹಿಂದೆ ವೈದ್ಯ ವಿದ್ಯಾರ್ಥಿಗಳು ಹೆಣಗಳನ್ನು ಕೊಯ್ಯುತ್ತಿದ್ದ ಒಂದು ಹಾಳು ಕೊಟ್ಟಿಗೆಯನ್ನು. ಮಳೆ ಬಂದರೆ ಸೋರುವ ಸೂರು, ಹೊಗೆ ಹೊರಹೋಗಲು ಸರಿಯಾದ ದಾರಿಯಿಲ್ಲ. ಅಲ್ಲಿ ಮೇರಿಯವರು ಒಮ್ಮೆಗೆ ೨೦ ಕಿಲೋ ಅದಿರನ್ನು ಕೊಪ್ಪರಿಗೆಯಲ್ಲಿ ಕುದಿಸಿ, ತಮ್ಮಷ್ಟೇ ಎತ್ತರದ ಕಬ್ಬಿಣದ ಸರಳಿನಿಂದ ದಿನವಿಡೀ ತಿರುವುತ್ತಿದ್ದರು. ದೊಡ್ಡ ಅಡಿಗೆಮನೆಯ ಒಲೆಯ ಮುಂದೆ ನಿಂತು ಕೊಪ್ಪರಿಗೆ ತಿರುವಿದವರಿಗೆ ಆ ತೋಳುನೋವಿನ ಅರಿವುಂಟು. ಸಕ್ಕರೆಯ ಪಾಕದಿಂದ ಕಲ್ಲುಸಕ್ಕರೆಯು ಹರಳುಗಟ್ಟುವಂತೆ ಲವಣಗಳನ್ನು ಸಾವಿರಾರು ಬಾರಿ ಹರಳುಗಟ್ಟಿಸಿ, ಬೇರ್ಪಡಿಸಿ, ೧೯೦೨ರಲ್ಲಿ ಗ್ರಾಮಿನ ಹತ್ತನೆಯ ಒಂದು ಪಾಲಿನಷ್ಟು ಶುದ್ಧ ರೇಡಿಯಂ ಲವಣವನ್ನು ಪಡೆದರು. ಈ ಎಲ್ಲ ವರ್ಷಗಳಲ್ಲಿ ಆ ಕೊಟ್ಟಿಗೆಯಲ್ಲಿ ಅವರಿಗೆ ಹುದ್ದೆಯೂ ಇರಲಿಲ್ಲ, ಸಂಬಳವೂ ಇರಲಿಲ್ಲ. ಸಂಸಾರ ಸಾಗಲೆಂದು ೧೯೦೦ರಿಂದ ಸೇವ್ರ್ ಎಂಬಲ್ಲಿನ ಹೆಣ್ಣುಮಕ್ಕಳ ಶಿಕ್ಷಕ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ೧೯೦೩ರ ಜೂನ್ ತಿಂಗಳಲ್ಲಿ ಅವರಿಗೆ ಡಾಕ್ಟರೇಟ್ ಪದವಿ ದೊರೆಯಿತು.

ಶಿಫಾರಸು ಪತ್ರದಲ್ಲಿಲ್ಲದ ಹೆಸರು

ಅದೇ ವರ್ಷದ ಭೌತಶಾಸ್ತ್ರದ ನೊಬೆಲ್ ಪಾರಿತೋಷಕಕ್ಕೆ ಫ್ರಾನ್ಸಿನ ಅಕಾಡೆಮಿಯ ನಾಲ್ವರು ಸದಸ್ಯರು ಶಿಫಾರಸು ಮಾಡಿದರು. ರೇಡಿಯಮ್ಮಿನ ಕೆಲಸವನ್ನು ವಿಸ್ತಾರವಾಗಿ ಹೊಗಳಿ, ಬೆಕೆರೆಲ್ ಮತ್ತು ಪಿಯೆರ್ ಕ್ಯೂರಿ ಇವರಿಬ್ಬರಿಗೆ ಬಹುಮಾನ ಸಲ್ಲಬೇಕೆಂದು ಬರೆದರು. ಮೇರಿಯವರ ಹೆಸರನ್ನು ಎತ್ತಲಿಲ್ಲ. ಬರೆದವರು ಅಜ್ಞರಲ್ಲ. ಮಹಾ ಗಣಿತಜ್ಞ ಪ್ವಾಂಕರೆಯವರು ಅವರಲ್ಲೊಬ್ಬರು. ಐದು ವರ್ಷಗಳ ಹಿಂದೆ ಆಕೆಯ ಲೇಖನವನ್ನು ತಾವೇ ಅಕಾಡೆಮಿಯ ಮುಂದಿಟ್ಟಿದ್ದ ಲಿಪ್‌ಮನ್ನರು ಇನ್ನೊಬ್ಬರು! ತಿಳಿಯದೆ ಬಿಟ್ಟರೆಂದು ಹೇಳುವಂತಿಲ್ಲ. ಗಂಡಹೆಂಡಿರು ಕೂಡಿ ದುಡಿದರೆ ಬುದ್ಧಿ ಗಂಡನದು, ಕೈಯಾಸರೆ ಹೆಂಡತಿಯದು ಎಂಬ ಭಾವನೆ ಅಷ್ಟು ಆಳವಾಗಿ ಬೇರೂರಿತ್ತೆಂದೇ ನಾವು ತಿಳಿಯಬೇಕು.

ಸ್ವೀಡನ್ನಿನ ಗಣಿತಜ್ಞ ಮಿತ್ತಾಗ್-ಲೆಫ್ಲರ್ ಎಂಬವರು ಹೆಂಗಸರ ವಿದ್ಯೆಯ ವಿಷಯದಲ್ಲಿ ಉದಾರ ಮನಸ್ಸಿನವರು. ಅವರು ಈ ಸಂಗತಿಯನ್ನು ಪಿಯೆರ್ ಅವರಿಗೆ ಗುಟ್ಟಾಗಿ ತಿಳಿಸಿದರು. ತಮ್ಮ ಹೆಸರನ್ನು ನಿಜವಾಗಿಯೂ ಆಲೋಚಿಸುತ್ತಿದ್ದರೆ ಮೇಡಂ ಕ್ಯೂರಿಯವರೊಡನೆ ಕೂಡಿಸಿಯೇ ಆಲೋಚಿಸಬೇಕೆಂದು ಪಿಯೆರ್ ಕೂಡಲೆ ಉತ್ತರ ಬರೆದರು. ಅದೃಷ್ಟವಶಾತ್ ಬುಷಾರ್ ಎಂಬ ವೈದ್ಯ ಪಂಡಿತರು ಹಿಂದಿನ ವರ್ಷವೇ ಆಕೆಯ ಹೆಸರನ್ನು ಸೂಚಿಸಿದ್ದ ಕಾಗದ ಇತ್ತು. ಅದನ್ನೇ ಆಧಾರ ಮಾಡಿಕೊಂಡು ಮೇರಿಯವರ ಹೆಸರನ್ನು ಸೇರಿಸಲಾಯಿತು. ಪಾರಿತೋಷಕದ ಅರ್ಧಭಾಗ ಬೆಕೆರೆಲ್ ಅವರಿಗೆ, ಉಳಿದ ಅರ್ಧ ದಂಪತಿಗಳಿಗೆ. ಪ್ರದಾನ ಸಮಾರಂಭದಲ್ಲಿ ಸ್ವೀಡಿಷ್ ಅಕಾಡೆಮಿಯ ಅಧ್ಯಕ್ಷರು, ಸ್ತ್ರೀಯು ಪುರುಷನಿಗೆ ಸಹಾಯಕಿಯಾಗಿ ಸೃಷ್ಟಿಯಾದಳೆಂಬ ಬೈಬಲ್ಲಿನ ಮಾತನ್ನು ಸ್ಮರಿಸಿದರಂತೆ. ಹೊಗಳಿಕೆಯಲ್ಲಿಯೂ ತೂಕ ಕಡಿಮೆಯಾಗುವುದು ಹೀಗೆ.

ನಾವು ಬಹುಕಾಲ ಹೋಟೆಲು ನಡೆಸಿದವರು. ಸಾಂಬಾರಿನ ರುಚಿಗೆ ಊರೆಲ್ಲ ತಲೆದೂಗಿದರೂ ಗಿರಾಕಿಗಳು ಹೊಗಳುವುದು ಬೋರ್ಡಿನ ಮೇಲಿನ ಹೆಸರನ್ನು. ಹೊಗೆಯಲ್ಲಿ ಬೆಂದವನ ಹೆಸರು ಗಲ್ಲಾಪೆಟ್ಟಿಗೆಯವರೆಗೂ ಬರುವುದಿಲ್ಲ. ವಿಜ್ಞಾನದಲ್ಲಿ ಈ ನಷ್ಟ ಹೆಸರಿಗಷ್ಟೇ ನಿಲ್ಲುವುದಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಹೆಸರು ಬಂದವರಿಗೆ ಹುದ್ದೆ, ಹುದ್ದೆಯಿದ್ದವರಿಗೆ ಪ್ರಯೋಗಶಾಲೆ, ಪ್ರಯೋಗಶಾಲೆಯಿದ್ದವರಿಗೆ ಧನಸಹಾಯ, ಧನಸಹಾಯದಿಂದ ಮತ್ತೆ ಹೊಸ ಸಂಶೋಧನೆ, ಅದರಿಂದ ಮತ್ತೆ ಹೆಸರು: ಇದು ತಿರುಗುವ ಚಕ್ರ. ಮೊದಲನೆಯ ಅರದಲ್ಲಿ ಹೆಸರು ತಪ್ಪಿದರೆ ಚಕ್ರವೇ ಕೈತಪ್ಪುವುದು. ನೊಬೆಲ್ ಪಾರಿತೋಷಕ ಬಂದ ಮೇಲೆ, ೧೯೦೪ರಲ್ಲಿ, ಪಿಯೆರ್ ಸೊರ್ಬಾನಿನಲ್ಲಿ ಪ್ರಾಧ್ಯಾಪಕರಾದರು. ಅವರ ಕೈಕೆಳಗೆ ಪ್ರಯೋಗಶಾಲೆಯ ಮುಖ್ಯಸ್ಥೆಯೆಂದು ಮೇರಿಯವರಿಗೆ ನೇಮಕವಾಯಿತು. ರೇಡಿಯಂ ಕಂಡುಹಿಡಿದು ಆರು ವರ್ಷಗಳ ಮೇಲೆ ತಮ್ಮ ಸಂಶೋಧನೆಗೆ ಅವರು ಎಣಿಸಿಕೊಂಡ ಮೊದಲನೆಯ ಸಂಬಳ ಅದು.

ವೈಧವ್ಯ ಮತ್ತು ಪೀಠ

೧೯೦೬ರ ಏಪ್ರಿಲ್ ೧೯ರಂದು, ಮಳೆ ಸುರಿಯುತ್ತಿದ್ದ ಪ್ಯಾರಿಸ್ಸಿನ ಬೀದಿಯಲ್ಲಿ, ಸಾಮಾನು ತುಂಬಿದ ಕುದುರೆಬಂಡಿಗೆ ಸಿಕ್ಕಿ ಪಿಯೆರ್ ಮೃತರಾದರು. ಮೇರಿಯವರಿಗೆ ಆಗ ಮೂವತ್ತೆಂಟು ವರ್ಷ; ಎರಡನೆಯ ಮಗಳು ಈವ್ ಇನ್ನೂ ಕೂಸು. ಸರಕಾರ ಪಿಂಚಣಿ ಕೊಡಲು ಮುಂದಾಯಿತು. ತಮಗೆ ದುಡಿಯುವ ಶಕ್ತಿಯಿದೆಯೆಂದು ಅದನ್ನು ಅವರು ಒಪ್ಪಲಿಲ್ಲ. ಆಗ ವಿಶ್ವವಿದ್ಯಾನಿಲಯವು ಪತಿಯ ಪಾಠಗಳನ್ನು ಅವರಿಗೇ ವಹಿಸಿತು. ನವೆಂಬರ್ ೫ರಂದು ತುಂಬಿದ ಸಭೆಯ ಮುಂದೆ ನಿಂತು, ಶೋಕದ ಒಂದು ಮಾತನ್ನೂ ಆಡದೆ, ಪಿಯೆರ್ ನಿಲ್ಲಿಸಿದ್ದ ಸ್ಥಳದಿಂದಲೇ ಪಾಠವನ್ನು ಮುಂದುವರಿಸಿದರು. ಸೊರ್ಬಾನಿನಲ್ಲಿ ಪಾಠ ಹೇಳಿದ ಮೊದಲನೆಯ ಮಹಿಳೆ ಅವರು. ೧೯೦೮ರಲ್ಲಿ ಪೂರ್ಣ ಪ್ರಾಧ್ಯಾಪಕರಾದರು.

ಆದರೆ ಪತಿಯ ನೆರಳಿನಲ್ಲಿ ಹೊಳೆದವರೆಂಬ ಗುಸುಗುಸು ನಿಲ್ಲಲಿಲ್ಲ. ೧೯೦೬ರಲ್ಲಿಯೇ ಬ್ರಿಟನ್ನಿನ ಹಿರಿಯ ವಿಜ್ಞಾನಿ ಲಾರ್ಡ್ ಕೆಲ್ವಿನ್ನರು, ರೇಡಿಯಂ ಧಾತುವೇ ಅಲ್ಲ, ಸೀಸ ಮತ್ತು ಹೀಲಿಯಂ ಕೂಡಿದ ಸಂಯುಕ್ತವಿರಬಹುದೆಂದು ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಬರೆದರು. ಮೇರಿಯವರು ಪತ್ರಿಕೆಯಲ್ಲಿ ವಾದಕ್ಕಿಳಿಯಲಿಲ್ಲ. ನಾಲ್ಕು ವರ್ಷ ದುಡಿದು, ೧೯೧೦ರಲ್ಲಿ ಸಹೋದ್ಯೋಗಿ ದೆಬಿಯೆರ್ನರೊಡನೆ ರೇಡಿಯಮ್ಮನ್ನು ಶುದ್ಧ ಲೋಹವಾಗಿ ಬೇರ್ಪಡಿಸಿ ತೋರಿಸಿದರು. ಅದೇ ಉತ್ತರ. ಆಗ ಪಿಯೆರ್ ತೀರಿಹೋಗಿ ನಾಲ್ಕು ವರ್ಷಗಳಾಗಿದ್ದವು ಎಂಬುದನ್ನು ನೆನಪಿಡಬೇಕು.

೧೯೧೧

ಆ ಮರುವರ್ಷ ಅಕಾಡೆಮಿಯಲ್ಲಿ ತೆರವಾಗಿದ್ದ ಒಂದು ಸ್ಥಾನಕ್ಕೆ ಚುನಾವಣೆ ನಡೆಯಿತು. ಮೇರಿಯವರು ಉಮೇದುವಾರರಾಗಿ ನಿಂತರು. ಎದುರಾಳಿ ಬ್ರಾಂಲಿ ಎಂಬವರು ತಂತಿಯಿಲ್ಲದ ತಂತಿವಾರ್ತೆಯ ಸಂಶೋಧನೆಯಲ್ಲಿ ಹೆಸರಾದವರು, ಯೋಗ್ಯರೇ. ಆದರೆ ಚರ್ಚೆ ನಡೆದದ್ದು ಇಬ್ಬರ ಯೋಗ್ಯತೆಯನ್ನು ಕುರಿತಲ್ಲ. ಹೆಂಗಸು ಒಳಗೆ ಬರಬಹುದೇ ಎಂಬುದೇ ಪ್ರಶ್ನೆಯಾಯಿತು. ಐದು ಅಕಾಡೆಮಿಗಳ ಒಕ್ಕೂಟವು ಜನವರಿಯ ಮೊದಲನೆಯ ವಾರದಲ್ಲಿ ಸಭೆ ಸೇರಿ, ಸಂಪ್ರದಾಯವನ್ನು ಮುರಿಯಲಾಗದೆಂದು ಬಹುಮತದಿಂದ ಅಭಿಪ್ರಾಯಪಟ್ಟಿತು. ಕೆಲವು ಪತ್ರಿಕೆಗಳು ಆಕೆಯ ಮುಖಲಕ್ಷಣವನ್ನೂ ಕೈಬರಹವನ್ನೂ ವಿಮರ್ಶಿಸಿದವು. ಪರದೇಶದವಳೆಂದವು, ಯೆಹೂದ್ಯಳೆಂಬ ಸುಳ್ಳನ್ನೂ ಹಬ್ಬಿಸಿದವು. ಜನವರಿ ೨೩ರಂದು ಮತಗಳನ್ನು ಎಣಿಸಿದಾಗ ಒಂದೆರಡು ಮತಗಳ ಅಂತರದಿಂದ ಬ್ರಾಂಲಿಯವರು ಗೆದ್ದರು. ಮೇರಿಯವರು ಮತ್ತೆಂದೂ ಆ ಅಕಾಡೆಮಿಗೆ ಅರ್ಜಿ ಹಾಕಲಿಲ್ಲ. ೧೯೨೨ರಲ್ಲಿ ವೈದ್ಯ ಅಕಾಡೆಮಿಯು ತಾನಾಗಿಯೇ ಅವರನ್ನು ಸದಸ್ಯೆಯನ್ನಾಗಿ ಆರಿಸಿಕೊಂಡಿತು. ವಿಜ್ಞಾನ ಅಕಾಡೆಮಿಯಾದರೋ ಮೊದಲ ಬಾರಿಗೆ ಒಬ್ಬ ಮಹಿಳೆಯನ್ನು ಪೂರ್ಣ ಸದಸ್ಯೆಯನ್ನಾಗಿ ಸೇರಿಸಿಕೊಂಡದ್ದು ೧೯೭೯ರಲ್ಲಿ!

ಅದೇ ೧೯೧೧ರ ನವೆಂಬರಿನಲ್ಲಿ ಸ್ವೀಡನ್ನಿನಿಂದ ಎರಡನೆಯ ನೊಬೆಲ್ ಪಾರಿತೋಷಕದ ಸುದ್ದಿ ಬಂದಿತು. ಈ ಬಾರಿ ರಸಾಯನಶಾಸ್ತ್ರದಲ್ಲಿ, ಅವರೊಬ್ಬರಿಗೇ. ಸರಿಯಾಗಿ ಆ ದಿನಗಳಲ್ಲಿಯೇ, ಪಿಯೆರ್ ಅವರ ಶಿಷ್ಯರಾಗಿದ್ದ ಲಾಂಜೆವಿನ್ ಎಂಬ ವಿಜ್ಞಾನಿಯೊಡನೆ ಮೇರಿಯವರಿಗಿದ್ದ ಸ್ನೇಹವನ್ನು ಪತ್ರಿಕೆಗಳು ಬೀದಿಗೆಳೆದವು. ಲಾಂಜೆವಿನ್ ವಿವಾಹಿತರು, ಮನೆಯಲ್ಲಿ ಕಲಹವಿತ್ತು. ಖಾಸಗಿ ಕಾಗದಗಳು ಅಚ್ಚಾದವು. ಮೇರಿಯವರ ಮನೆಯ ಮುಂದೆ ಜನ ಗುಂಪುಗೂಡಿ ಕೂಗಾಡಿದರು. ಆಗ ಸ್ವೀಡನ್ನಿನ ಹೆಸರಾಂತ ರಸಾಯನಶಾಸ್ತ್ರಜ್ಞ ಅರ್ಹೇನಿಯಸ್ಸರು, ಪಾರಿತೋಷಕವನ್ನು ಸ್ವೀಕರಿಸಲು ಬಾರದೆ ಫ್ರಾನ್ಸಿನಲ್ಲಿಯೇ ಉಳಿಯುವುದು ಲೇಸೆಂದು ಅವರಿಗೆ ಬರೆದರು. ಈ ಪಾರಿತೋಷಕವು ರೇಡಿಯಂ ಮತ್ತು ಪೊಲೋನಿಯಂಗಳನ್ನು ಕಂಡುಹಿಡಿದುದಕ್ಕೆ ಸಲ್ಲುತ್ತಿರುವುದು, ತಮ್ಮ ವಿಜ್ಞಾನಕ್ಕೂ ತಮ್ಮ ಖಾಸಗಿ ಬಾಳಿಗೂ ಯಾವ ಸಂಬಂಧವೂ ಇಲ್ಲ ಎಂಬ ಭಾವದ ಉತ್ತರವನ್ನು ಬರೆದು ಮೇರಿಯವರು ಡಿಸೆಂಬರಿನಲ್ಲಿ ಸ್ಟಾಕ್‌ಹೋಮಿಗೆ ಹೋದರು. ಅಲ್ಲಿಯ ಉಪನ್ಯಾಸದಲ್ಲಿ ಪತಿಗೆ ಸಲ್ಲಬೇಕಾದುದನ್ನು ಗೌರವದಿಂದ ಸಲ್ಲಿಸಿ, ತಾವೊಬ್ಬರೇ ಮಾಡಿದುದು ಯಾವುದೆಂಬುದನ್ನು ಬೇರ್ಪಡಿಸಿ ಹೇಳಿದರು. ಒಬ್ಬ ಗಂಡಸಿನ ಸ್ಥಿತಿ ಏನಾಯಿತೆಂದು ವಾಚಕರು ಕೇಳಬಹುದು. ಲಾಂಜೆವಿನ್ನರ ವಿಜ್ಞಾನವನ್ನು ಅವರ ಗೃಹಕಲಹದಿಂದ ಯಾರೂ ಅಳೆಯಲಿಲ್ಲ. ಮೇರಿಯವರನ್ನು ಹೊರಗಿಟ್ಟ ಅದೇ ಅಕಾಡೆಮಿ ೧೯೩೪ರಲ್ಲಿ ಅವರನ್ನು ಸದಸ್ಯರನ್ನಾಗಿ ಆರಿಸಿತು.

ಈ ಆಘಾತದಿಂದ ಕಾಯಿಲೆ ಬಿದ್ದ ಮೇರಿಯವರಿಗೆ ೧೯೧೨ರಲ್ಲಿ ಆಶ್ರಯವಿತ್ತವರು ಇಂಗ್ಲೆಂಡಿನ ಭೌತವಿಜ್ಞಾನಿ ಹರ್ತಾ ಏರ್ಟನ್. ವಿವಾಹಿತ ಸ್ತ್ರೀಯೆಂಬ ಕಾರಣದಿಂದ ೧೯೦೨ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ತಪ್ಪಿದ್ದವರು ಅವರು. ರೇಡಿಯಮ್ಮನ್ನು ಪಿಯೆರ್ ಅವರೇ ಕಂಡುಹಿಡಿದರೆಂಬ ಬರಹಗಳನ್ನು ಪತ್ರಿಕೆಗಳಲ್ಲಿ ಪ್ರತಿಭಟಿಸಿದವರೂ ಅವರೇ.

ಯುದ್ಧ, ಮತ್ತು ಒಂದು ಗ್ರಾಂ ರೇಡಿಯಂ

೧೯೧೪ರಲ್ಲಿ ಮಹಾಯುದ್ಧ ಆರಂಭವಾದಾಗ ಮೇರಿಯವರು ಮೋಟಾರು ಬಂಡಿಗಳಲ್ಲಿ ಕ್ಷ-ಕಿರಣ ಯಂತ್ರಗಳನ್ನು ಕೂಡಿಸಿ ರಣರಂಗಕ್ಕೆ ಹೊರಟರು. ಹದಿನೇಳು ವರ್ಷದ ಮಗಳು ಐರೀನಳೂ ಜೊತೆಗೂಡಿದಳು. ಇಂತಹ ಸುಮಾರು ೨೦ ಬಂಡಿಗಳೂ ೨೦೦ ಸ್ಥಿರ ಕೇಂದ್ರಗಳೂ ಸಿದ್ಧವಾಗಿ, ಹತ್ತು ಲಕ್ಷಕ್ಕೂ ಮಿಕ್ಕ ಗಾಯಾಳುಗಳ ಪರೀಕ್ಷೆ ನಡೆಯಿತು. ಪರದೇಶದವಳೆಂದು ಜರೆದಿದ್ದವರ ಮಕ್ಕಳೂ ಆ ಗಾಯಾಳುಗಳಲ್ಲಿ ಇದ್ದಿರಲೇಬೇಕು.

ಯುದ್ಧ ಮುಗಿದಾಗ ಪ್ಯಾರಿಸ್ಸಿನ ರೇಡಿಯಂ ಸಂಸ್ಥೆಯ ಕಟ್ಟಡವಿತ್ತು, ಸಂಶೋಧನೆಗೆ ಹಣವಿರಲಿಲ್ಲ. ರೇಡಿಯಮ್ಮನ್ನು ತಯಾರಿಸುವ ವಿಧಾನಕ್ಕೆ ಕ್ಯೂರಿ ದಂಪತಿಗಳು ಪೇಟೆಂಟು ತೆಗೆಸದೆ ಲೋಕಕ್ಕೆ ಬಿಟ್ಟುಕೊಟ್ಟಿದ್ದರು. ಅದರಿಂದ ಕಾರಖಾನೆಗಳು ಬೆಳೆದವು. ೧೯೨೦ರ ಹೊತ್ತಿಗೆ ಒಂದು ಗ್ರಾಂ ರೇಡಿಯಮ್ಮಿನ ಬೆಲೆ ೧,೦೦,೦೦೦ ಡಾಲರ್! ಕಂಡುಹಿಡಿದವರಿಗೇ ಅದನ್ನು ಕೊಳ್ಳುವ ಶಕ್ತಿಯಿಲ್ಲ. ಇದನ್ನು ತಿಳಿದ ಅಮೇರಿಕದ ಪತ್ರಿಕಾ ಸಂಪಾದಕಿ ಮೆಲೋನಿಯವರು ತಮ್ಮ ದೇಶದ ಹೆಂಗಸರಿಗೆ ಕರೆಯಿತ್ತರು. ಚಿಲ್ಲರೆ ಚಿಲ್ಲರೆಯಾಗಿ ಆ ಮೊತ್ತ ಕೂಡಿತು. ೧೯೨೧ರ ಮೇ ೨೦ರಂದು ರಾಷ್ಟ್ರಾಧ್ಯ ಹಾರ್ಡಿಂಗರು ಶ್ವೇತಭವನದಲ್ಲಿ ಅದನ್ನು ಮೇರಿಯವರಿಗೆ ಅರ್ಪಿಸಿದರು. ಹಿಂದಿನ ರಾತ್ರಿ ದಾನಪತ್ರವನ್ನು ಓದಿದ ಮೇರಿಯವರು, ಅದು ತಮ್ಮ ಸ್ವಂತಕ್ಕಲ್ಲದೆ ಪ್ರಯೋಗಶಾಲೆಗೆ ಸಲ್ಲುವಂತೆ ಆಗಿಂದಾಗಲೇ ತಿದ್ದಿಸಿದರು. ಅದೇ ಯಾತ್ರೆಯಲ್ಲಿ ಅನೇಕ ವಿಶ್ವವಿದ್ಯಾನಿಲಯಗಳು ಗೌರವ ಪದವಿಗಳನ್ನಿತ್ತವು. ಹಾರ್ವರ್ಡ್ ಮಾತ್ರ ಕೊಡಲಿಲ್ಲ.

ಸರಕಾರಗಳೂ ಪಂಡಿತ ಮಂಡಲಿಗಳೂ ಒದಗಿಸಬೇಕಾಗಿದ್ದ ಧನಸಹಾಯವನ್ನು ಹೆಂಗಸರು ತಮ್ಮ ಸೆರಗಿನ ಗಂಟಿನಿಂದ ಬಿಚ್ಚಿಕೊಟ್ಟರು ಎಂಬುದರಲ್ಲಿ ಹೆಮ್ಮೆಯೂ ಇದೆ, ನಾಚಿಕೆಯೂ ಇದೆ.

ತಾವು ಕಷ್ಟದಿಂದ ಏರಿದ ಏಣಿಯನ್ನು ಮೇರಿಯವರು ಒದೆಯಲಿಲ್ಲ. ಅವರ ಪ್ರಯೋಗಶಾಲೆಯಲ್ಲಿ ನಲವತ್ತಕ್ಕೂ ಹೆಚ್ಚು ಮಹಿಳೆಯರು ಕೆಲಸ ಕಲಿತರು. ಅವರಲ್ಲೊಬ್ಬರಾದ ಮಾರ್ಗರಿಟ್ ಪೆರೆ ೧೯೩೯ರಲ್ಲಿ ಫ್ರಾನ್ಸಿಯಂ ಎಂಬ ಧಾತುವನ್ನು ಕಂಡುಹಿಡಿದರು. ಮಗಳು ಐರೀನ್ ತನ್ನ ಪತಿಯೊಡನೆ ೧೯೩೫ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದಳು. ಅದನ್ನು ಕಾಣಲು ತಾಯಿ ಇರಲಿಲ್ಲ. ದೀರ್ಘಕಾಲದ ವಿಕಿರಣದಿಂದ ರಕ್ತ ಬತ್ತಿ, ೧೯೩೪ರ ಜುಲೈ ೪ರಂದು ಮೇರಿಯವರು ತೀರಿಕೊಂಡಿದ್ದರು. ೧೯೯೫ರಲ್ಲಿ ಫ್ರಾನ್ಸ್ ಅವರ ಅವಶೇಷಗಳನ್ನು ತನ್ನ ಮಹಾಪುರುಷರ ಸಮಾಧಿಮಂದಿರವಾದ ಪಾಂತಿಯೋನಿಗೆ ತಂದು ಇರಿಸಿತು. ಸ್ವಂತ ಸಾಧನೆಯಿಂದ ಅಲ್ಲಿ ಸ್ಥಾನ ಪಡೆದ ಮೊದಲನೆಯ ಮಹಿಳೆ ಅವರೇ.

ಇಂದಿನ ತಕ್ಕಡಿ

ಇವೆಲ್ಲ ಹಳೆಯ ಕಾಲದ ಮಾತುಗಳೆಂದು ಕೆಲವರು ಹೇಳಬಹುದು. ಭೌತಶಾಸ್ತ್ರದಲ್ಲಿ ಮೇರಿಯವರ ನಂತರ ಎರಡನೆಯ ಮಹಿಳೆಗೆ ನೊಬೆಲ್ ಪಾರಿತೋಷಕ ಬಂದದ್ದು ೧೯೬೩ರಲ್ಲಿ, ಅರುವತ್ತು ವರ್ಷಗಳ ಮೇಲೆ. ೨೦೨೫ರವರೆಗೆ ಎಣಿಸಿದರೂ ಒಟ್ಟು ಐವರೇ. ಪಾರಿತೋಷಕದ ನಾಡಾದ ಸ್ವೀಡನ್ನಿನಲ್ಲಿಯೇ ವೆನ್ನೆರೋಸ್ ಮತ್ತು ವೋಲ್ಡ್ ಎಂಬ ಇಬ್ಬರು ವಿದುಷಿಯರು ವೈದ್ಯ ಸಂಶೋಧನಾ ಮಂಡಲಿಯ ರಹಸ್ಯ ಕಡತಗಳನ್ನು ನ್ಯಾಯಾಲಯದ ಮೂಲಕ ತೆಗೆಸಿ ಪರೀಕ್ಷಿಸಿದರು. ೧೯೯೫ರಲ್ಲಿ ಸಂಶೋಧನಾ ವೇತನಕ್ಕೆ ಅರ್ಜಿ ಹಾಕಿದ್ದವರು ೧೧೪ ಮಂದಿ. ಅವರಲ್ಲಿ ಮಹಿಳೆಯರು ೫೨. ದೊರೆತ ೨೦ ವೇತನಗಳಲ್ಲಿ ೧೬ ಗಂಡಸರಿಗೆ, ೪ ಹೆಂಗಸರಿಗೆ. ಗಂಡಸಿಗೆ ಸಿಗುವಷ್ಟೇ ಅಂಕ ಸಿಗಬೇಕಾದರೆ ಹೆಂಗಸು ಎರಡೂವರೆ ಪಟ್ಟು ಹೆಚ್ಚು ಸಾಧಿಸಿರಬೇಕಾಗಿತ್ತೆಂದು ಅವರ ಲೆಕ್ಕದಿಂದ ತಿಳಿಯಿತು. ೧೯೯೭ರಲ್ಲಿ ಇದು ಪ್ರಕಟವಾದಾಗ ವಿದ್ವತ್ಪ್ರಪಂಚ ಬೆಚ್ಚಿತು.

೨೦೧೨ರಲ್ಲಿ ಅಮೇರಿಕದ ೧೨೭ ವಿಜ್ಞಾನ ಪ್ರಾಧ್ಯಾಪಕರಿಗೆ ಒಂದೇ ಅರ್ಜಿಯನ್ನು, ಕೆಲವರಿಗೆ ಗಂಡಸಿನ ಹೆಸರಿನಲ್ಲಿ, ಕೆಲವರಿಗೆ ಹೆಂಗಸಿನ ಹೆಸರಿನಲ್ಲಿ ಕಳುಹಿಸಿ ಪರೀಕ್ಷಿಸಲಾಯಿತು. ಅಕ್ಷರಕ್ಕೆ ಅಕ್ಷರ ಒಂದೇ ಆಗಿದ್ದರೂ ಗಂಡಸಿಗೆ ಅವರು ಸೂಚಿಸಿದ ಸರಾಸರಿ ಸಂಬಳ ವರ್ಷಕ್ಕೆ ೩೦,೨೩೮ ಡಾಲರ್, ಹೆಂಗಸಿಗೆ ೨೬,೫೦೮. ಹೀಗೆ ಬೆಲೆ ಕಟ್ಟಿದವರಲ್ಲಿ ಮಹಿಳಾ ಪ್ರಾಧ್ಯಾಪಕರೂ ಇದ್ದರು. ಆದುದರಿಂದ ಇದು ಗಂಡಸರ ದುಷ್ಟತನವೆಂದು ಹೇಳಿ ಮುಗಿಸುವಂತಿಲ್ಲ. ಅಡಿಗೆಯವನನ್ನು ಗೊತ್ತುಮಾಡುವಾಗ, ಯಾವ ಊರಿನವನು, ಯಾರ ಕಡೆಯವನು ಎಂದು ಮೊದಲು ವಿಚಾರಿಸಿ ಆಮೇಲೆ ರುಚಿ ನೋಡುವ ಯಜಮಾನರನ್ನು ನಾವು ಕಂಡಿದ್ದೇವೆ. ಮನಸ್ಸು ಮೊದಲೇ ಬೆಲೆ ಕಟ್ಟಿದ ಮೇಲೆ ನಾಲಿಗೆಯೂ ಅದನ್ನೇ ಹೇಳುವುದು. ಅವರು ಕೆಟ್ಟವರಲ್ಲ, ತಮ್ಮ ನಾಲಿಗೆಯೇ ತೀರ್ಪು ಕೊಟ್ಟಿತೆಂದು ಪ್ರಾಮಾಣಿಕವಾಗಿ ನಂಬಿದವರು.

ಎಲ್ಲ ಪರೀಕ್ಷೆಗಳ ಫಲಿತಾಂಶವೂ ಒಂದೇ ಬಗೆಯದಲ್ಲ. ಭೇದವೇ ಕಾಣದ ಕಡೆಗಳೂ ಉಂಟು, ಹೆಂಗಸರಿಗೆ ಅನುಕೂಲವಾದ ಕಡೆಗಳೂ ಉಂಟು. ಆದರೆ ಭೇದವು ಎಲ್ಲಿ ನುಸುಳುವುದೆಂಬುದಕ್ಕೆ ಕೆನಡಾ ದೇಶದ ಅನುಭವ ಒಳ್ಳೆಯ ದೀಪ. ಅಲ್ಲಿ ಆರೋಗ್ಯ ಸಂಶೋಧನೆಯ ಧನಸಹಾಯದ ಸುಮಾರು ೨೪,೦೦೦ ಅರ್ಜಿಗಳನ್ನು ಪರಿಶೀಲಿಸಿ ೨೦೧೯ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಯೋಜನೆಯ ಗುಣವನ್ನು ಮುಖ್ಯವಾಗಿ ತೂಗಿದ ಕಡೆ ಗಂಡಸರ ಮತ್ತು ಹೆಂಗಸರ ಯಶಸ್ಸಿನ ಅಂತರ ನೂರಕ್ಕೆ ೦.೯, ಅರ್ಜಿದಾರರ ವ್ಯಕ್ತಿತ್ವವನ್ನು ಮುಖ್ಯವಾಗಿ ತೂಗಿದ ಕಡೆ ಅದು ನೂರಕ್ಕೆ ೪. ಪದಾರ್ಥವನ್ನು ತೂಗಿದರೆ ತಕ್ಕಡಿ ಹೆಚ್ಚುಕಡಿಮೆ ನೆಟ್ಟಗಿರುವುದು, ಮನುಷ್ಯರನ್ನು ತೂಗಹೊರಟರೆ ವಾಲುವುದು. ೧೯೧೧ರಲ್ಲಿ ಮೇರಿಯವರು ಅರ್ಹೇನಿಯಸ್ಸರಿಗೆ ಬರೆದ ಉತ್ತರದ ತಾತ್ಪರ್ಯವೂ ಇದಲ್ಲದೆ ಬೇರೆಯಲ್ಲ.

ನಮ್ಮ ನಾಡೂ ಇದಕ್ಕೆ ಹೊರತಲ್ಲ. ೧೯೩೩ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದ ಪದವಿಯನ್ನು ಪಡೆದ ಕಮಲಾ ಭಾಗವತ್ ಎಂಬ ತರುಣಿಯು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ಅರ್ಜಿ ಹಾಕಿದಾಗ, ನಿರ್ದೇಶಕರಾಗಿದ್ದ ಸರ್ ಸಿ. ವಿ. ರಾಮನ್ನರು ಹೆಂಗಸೆಂಬ ಕಾರಣದಿಂದ ಮೊದಲು ಒಪ್ಪಲಿಲ್ಲ. ಆಕೆ ಪಟ್ಟುಹಿಡಿದು ಪರೀಕ್ಷಾರ್ಥವಾಗಿ ಪ್ರವೇಶ ಪಡೆದು, ಮುಂದೆ ೧೯೩೯ರಲ್ಲಿ ಕೇಂಬ್ರಿಜ್ಜಿನ ಡಾಕ್ಟರೇಟ್ ಗಳಿಸಿ, ಕಮಲಾ ಸೊಹೊನಿ ಎಂಬ ಹೆಸರಿನಿಂದ ಮುಂಬಯಿಯ ವಿಜ್ಞಾನ ಸಂಸ್ಥೆಯಲ್ಲಿ ಆಹಾರ ಪದಾರ್ಥಗಳ ಮೇಲೆ ಸಂಶೋಧನೆ ನಡೆಸಿದರು. ರಾಮನ್ನರಂತಹ ಮಹನೀಯರ ತಕ್ಕಡಿಯೂ ವಾಲಿತೆಂದರೆ, ನಮ್ಮ ನಿಮ್ಮಂಥವರ ತಕ್ಕಡಿಯ ಪಾಡೇನು?

ಧನಸಹಾಯವೆಂಬುದು ಅಕಾಡೆಮಿಗಳಲ್ಲಿ ಮಾತ್ರ ನಿರ್ಧಾರವಾಗುವುದೆಂದು ನಾವು ತಿಳಿಯಲಾಗದು. ಮಗನೂ ಮಗಳೂ ಒಂದೇ ವರ್ಷ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಒಬ್ಬರ ಫೀಜಿಗೆ ಮಾತ್ರ ಹಣವಿರುವಾಗ, ಹತ್ತು ಅಡಿಯ ಕೋಣೆಯಲ್ಲಿ ಕುಳಿತ ತಂದೆಯೂ ಒಂದು ಧನಸಹಾಯ ಮಂಡಲಿಯೇ. ಅಂತಹ ರಾತ್ರಿಗಳು ನಮ್ಮ ವಾಚಕರ ಪೈಕಿ ಅನೇಕರ ಮನೆಗಳಲ್ಲಿ ಬಂದಿವೆ, ಮುಂದೆಯೂ ಬರುವುವು. ಆಗ ಇಬ್ಬರ ಅಂಕಪಟ್ಟಿಗಳನ್ನೂ ಹೆಸರಿನ ಭಾಗವನ್ನು ಕೈಯಿಂದ ಮುಚ್ಚಿ ಒಮ್ಮೆ ಓದಬೇಕೆಂದು ನಮ್ಮ ವಿನಂತಿ.